ಸಿಂಕ್ಲೇರ್ ಲೂಯಿಸ್: ವಿಡಂಬನೆಯ ಶಕ್ತಿ ಮತ್ತು ಮಿತಿ

ಕವಿಯ ಕಲ್ಪನೆಯಿಂದ ಹುಟ್ಟಿದ ಪಾತ್ರವೊಂದು ಗ್ರಂಥದ ಪುಟಗಳಿಂದ ಹೊರಗೆ ಬಂದು ಜನರ ದಿನಬಳಕೆಯ ಮಾತಿನಲ್ಲಿ ನೆಲಸುವುದು ಅಪರೂಪದ ಭಾಗ್ಯ. ಮನೆಮುರುಕನನ್ನು ಶಕುನಿಯೆಂದೂ ನಿದ್ದೆಬಡುಕನನ್ನು ಕುಂಭಕರ್ಣನೆಂದೂ ಕರೆಯುವವರು ಆ ಹೊತ್ತಿನಲ್ಲಿ ಮಹಾಕಾವ್ಯಗಳನ್ನು ನೆನೆಯುವುದಿಲ್ಲ. ಹೆಸರು ಅಷ್ಟರಮಟ್ಟಿಗೆ ಗುಣವಾಚಕವಾಗಿಬಿಟ್ಟಿದೆ. ಸಾವಿರಾರು ವರ್ಷಗಳ ಪುರಾಣಪರಂಪರೆಗೆ ಸಹಜವಾಗಿ ಒದಗುವ ಈ ಭಾಗ್ಯವು ಇಪ್ಪತ್ತನೆಯ ಶತಮಾನದ ಒಬ್ಬ ಅಮೇರಿಕನ್ ಕಾದಂಬರಿಕಾರನಿಗೆ ಕೆಲವೇ ವರ್ಷಗಳಲ್ಲಿ ಒದಗಿತು. 1922ರಲ್ಲಿ ಪ್ರಕಟವಾದ ‘ಬ್ಯಾಬಿಟ್’ ಕಾದಂಬರಿಯ ನಾಯಕನ ಹೆಸರು ಇಂಗ್ಲಿಷ್ ನಿಘಂಟುಗಳನ್ನು ಸೇರಿತು: ತನ್ನ ಸಂಪಾದನೆ, ತನ್ನ ವಠಾರ, ತನ್ನ ಸಂಘ ಇವುಗಳಲ್ಲೇ ತೃಪ್ತನಾಗಿ, ಹತ್ತು ಜನ ಆಡಿದ್ದನ್ನೇ ತನ್ನ ಅಭಿಪ್ರಾಯವೆಂದು ನಂಬಿ ಬಾಳುವ ಮಧ್ಯಮವರ್ಗದ ವ್ಯವಹಾರಸ್ಥನೆಂದು ಅದಕ್ಕೆ ಅರ್ಥ. ಅದಕ್ಕೂ ಎರಡು ವರ್ಷ ಹಿಂದೆ ಅದೇ ಲೇಖಕನು ‘ಮೇನ್ ಸ್ಟ್ರೀಟ್’ ಎಂಬ ಸಾಮಾನ್ಯ ಬೀದಿಯ ಹೆಸರಿಗೆ ಇಂಥದೇ ಹೊಸ ಅರ್ಥವನ್ನು ತಂದುಕೊಟ್ಟಿದ್ದನು. ಆ ಲೇಖಕನೇ ಸಿಂಕ್ಲೇರ್ ಲೂಯಿಸ್. ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲನೆಯ ಅಮೇರಿಕನ್.

ಇಷ್ಟು ಕೀರ್ತಿಯನ್ನು ಪಡೆದವನ ಸ್ಥಾನವು ಅವನ ದೇಶದ ವಿಮರ್ಶೆಯಲ್ಲಿ ಇಂದಿಗೂ ಸ್ಥಿರವಾಗಿಲ್ಲ. ಅವನ ಬೃಹತ್ ಜೀವನಚರಿತ್ರೆಯನ್ನು 1961ರಲ್ಲಿ ಹೊರತಂದ ಮಾರ್ಕ್ ಶೋರರನೇ, ಲೂಯಿಸನು ಆಧುನಿಕ ಅಮೇರಿಕನ್ ಸಾಹಿತ್ಯದ ಅತ್ಯಂತ ಕೆಟ್ಟ ಬರಹಗಾರರಲ್ಲಿ ಒಬ್ಬನೆಂದೂ, ಆದರೂ ಅವನಿಲ್ಲದೆ ಆ ಸಾಹಿತ್ಯವನ್ನು ಊಹಿಸುವುದು ಸಾಧ್ಯವಿಲ್ಲವೆಂದೂ ಒಂದೇ ಉಸಿರಿನಲ್ಲಿ ತೀರ್ಪಿತ್ತನು. ಈ ವಿರೋಧಾಭಾಸವು ಲೂಯಿಸನೊಬ್ಬನಿಗೆ ಮಾತ್ರ ಸಂಬಂಧಿಸಿದ್ದಲ್ಲ. ವಿಡಂಬನಕಾರನು ಯಾವುದನ್ನು ನಗುತ್ತಾನೆಯೋ ಅದರೊಡನೆ ಅವನ ಸಂಬಂಧವೇನು, ಆ ಸಂಬಂಧ ಕಡಿದುಹೋದರೆ ನಗೆಯ ಗತಿಯೇನು ಎಂಬ ಮೂಲಪ್ರಶ್ನೆಯೇ ಇದರ ಹಿಂದೆ ಅಡಗಿದೆ. ಲೂಯಿಸನ ಜೀವನವನ್ನೂ ಮುಖ್ಯ ಕೃತಿಗಳನ್ನೂ ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1

ಹ್ಯಾರಿ ಸಿಂಕ್ಲೇರ್ ಲೂಯಿಸನು 1885ನೆಯ ಫೆಬ್ರವರಿ 7ರಂದು ಮಿನ್ನೆಸೋಟಾ ಸಂಸ್ಥಾನದ ಸಾಕ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆ ಎಡ್ವಿನ್ ಲೂಯಿಸ್ ವೈದ್ಯ. ಕಟ್ಟುನಿಟ್ಟಿನ, ಮಿತಭಾಷಿಯಾದ ಮನುಷ್ಯ. ಮೂವರು ಗಂಡುಮಕ್ಕಳಲ್ಲಿ ಕಿರಿಯನಾದ ಹ್ಯಾರಿಗೆ ಆರು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು. ಮರುವರ್ಷ ಮನೆಗೆ ಬಂದ ಮಲತಾಯಿಯು ಹುಡುಗನಿಗೆ ಪುಸ್ತಕಗಳನ್ನು ಓದಿಹೇಳಿ ಅಕ್ಕರೆಯಿಂದ ನೋಡಿಕೊಂಡಳು. ಅಣ್ಣ ಕ್ಲಾಡ್ ಊರು ಮೆಚ್ಚಿದ ಹುಡುಗ, ಮುಂದೆ ತಂದೆಯಂತೆಯೇ ವೈದ್ಯನಾದವನು. ಹ್ಯಾರಿಯಾದರೋ ಉದ್ದನೆಯ, ಬಡಕಲು ಮೈಯ, ಕೆಂಗೂದಲಿನ, ಮೊಡವೆಗಳಿಂದ ಹಾಳಾದ ಮುಖದ ಹುಡುಗ. ಆಟದಲ್ಲಿ ಹಿಂದೆ, ಕನಸಿನಲ್ಲಿ ಮುಂದೆ. ಹದಿಮೂರನೆಯ ವಯಸ್ಸಿನಲ್ಲಿ ಸ್ಪೇನಿನ ಮೇಲಿನ ಯುದ್ಧಕ್ಕೆ ನಗಾರಿ ಬಾರಿಸುವವನಾಗಿ ಸೇರಬೇಕೆಂದು ಮನೆಬಿಟ್ಟು ಓಡಿಹೋಗಲು ಹೊರಟು, ತಂದೆಯ ಕೈಗೆ ಸಿಕ್ಕಿ ಹಿಂತಿರುಗಿದನು. ಊರಿಗೆ ಬೇಡವಾದವನು, ಆದರೆ ಊರಿನ ಮೆಚ್ಚುಗೆಗಾಗಿ ಒಳಗೊಳಗೇ ಹಂಬಲಿಸಿದವನು: ಈ ಎರಡು ಎಳೆಗಳನ್ನೂ ಒಟ್ಟಿಗೆ ಹಿಡಿಯದೆ ಅವನ ಕಾದಂಬರಿಗಳು ಅರ್ಥವಾಗಲಾರವು.

1903ರಲ್ಲಿ ಯೇಲ್ ವಿಶ್ವವಿದ್ಯಾಲಯವನ್ನು ಸೇರಿದ ಲೂಯಿಸನು ಅಲ್ಲಿಯೂ ಹೊರಗಿನವನಾಗಿಯೇ ಉಳಿದನು. ನಡುವೆ ಓದನ್ನು ಬಿಟ್ಟು, ಅಪ್ಟನ್ ಸಿಂಕ್ಲೇರನು ಸ್ಥಾಪಿಸಿದ್ದ ಹೆಲಿಕನ್ ಹಾಲ್ ಎಂಬ ಸಮಾಜವಾದಿ ವಸತಿಯಲ್ಲಿ ಕೆಲವು ಕಾಲ ಕೂಲಿಕೆಲಸ ಮಾಡಿ, ಕೆಲಸ ಹುಡುಕಿಕೊಂಡು ಪನಾಮಾಕ್ಕೂ ಹೋಗಿಬಂದು, 1908ರಲ್ಲಿ ಪದವೀಧರನಾದನು. ಮುಂದಿನ ವರ್ಷಗಳು ಪತ್ರಿಕಾಕಚೇರಿಗಳಲ್ಲಿ, ಪ್ರಕಾಶನಸಂಸ್ಥೆಗಳಲ್ಲಿ ಕಳೆದವು. ಕಥಾವಸ್ತುಗಳನ್ನು ಹೆಣೆಯುವುದರಲ್ಲಿ ಅವನಿಗಿದ್ದ ಚಾತುರ್ಯ ಎಷ್ಟೆಂದರೆ, ಅವುಗಳಲ್ಲಿ ಹಲವನ್ನು ಆಗಲೇ ಪ್ರಸಿದ್ಧನಾಗಿದ್ದ ಜ್ಯಾಕ್ ಲಂಡನ್ ಹಣಕೊಟ್ಟು ಕೊಂಡನು. 1914ರಿಂದ 1919ರವರೆಗೆ ಪ್ರಕಟವಾದ ಐದು ಕಾದಂಬರಿಗಳು ಬರಲಿರುವ ಬೆಳೆಗೆ ಹದಮಾಡಿದ ನೆಲವೆಂದು ಮಾತ್ರ ಹೇಳಬಹುದು. ಅವುಗಳಲ್ಲಿ, ಕಚೇರಿಯಲ್ಲಿ ದುಡಿಯುವ ಹೆಣ್ಣಿನ ಬಾಳನ್ನು ಚಿತ್ರಿಸುವ ‘ದಿ ಜಾಬ್’ (1917) ಒಂದೇ ಇಂದಿಗೂ ಓದಿಸಿಕೊಳ್ಳುವ ಸತ್ತ್ವವುಳ್ಳದ್ದು.

2

1920ನೆಯ ಅಕ್ಟೋಬರಿನಲ್ಲಿ ‘ಮೇನ್ ಸ್ಟ್ರೀಟ್’ ಹೊರಬಂದಾಗ ಅಮೇರಿಕದ ವಾಚಕಪ್ರಪಂಚದಲ್ಲಿ ಎದ್ದ ಕೋಲಾಹಲ ಸಾಮಾನ್ಯವಾದುದಲ್ಲ. ಮೊದಲ ಆರು ತಿಂಗಳಲ್ಲೇ ಸುಮಾರು 1,80,000 ಪ್ರತಿಗಳು ಮಾರಾಟವಾದವು. ಅಲ್ಲಿಯವರೆಗೆ ಸಣ್ಣ ಊರೆಂದರೆ ಸ್ನೇಹ, ಸರಳತೆ, ಸಚ್ಚಾರಿತ್ರ್ಯಗಳ ತವರು ಎಂದು ಹಾಡಿ ಹೊಗಳುವುದು ಜನಪ್ರಿಯ ಸಾಹಿತ್ಯದ ವಾಡಿಕೆಯಾಗಿದ್ದಿತು. ಲೂಯಿಸನು ಆ ಚಿತ್ರದ ಮೇಲಿನ ಬಣ್ಣವನ್ನು ಕೆರೆದುಹಾಕಿದನು.

ಕಥೆ ಸರಳವಾದುದು. ಕಾಲೇಜಿನಲ್ಲಿ ಓದಿ, ಸೇಂಟ್ ಪಾಲ್ ನಗರದಲ್ಲಿ ಗ್ರಂಥಪಾಲಿಕೆಯಾಗಿದ್ದ ಕ್ಯಾರಲ್ ಎಂಬ ತರುಣಿಯು ವಿಲ್ ಕೆನಿಕಾಟ್ ಎಂಬ ವೈದ್ಯನನ್ನು ಮದುವೆಯಾಗಿ, ಮೂರು ಸಾವಿರದಷ್ಟು ಜನವಸತಿಯ ಗೋಫರ್ ಪ್ರೇರಿ ಎಂಬ ಅವನ ಊರಿಗೆ ಬರುತ್ತಾಳೆ. ಊರನ್ನು ಸುಂದರಗೊಳಿಸಬೇಕು, ಜನರಲ್ಲಿ ರಸಿಕತೆಯನ್ನು ತುಂಬಬೇಕು ಎಂದು ಅವಳ ಆಸೆ. ಅವಳು ಏರ್ಪಡಿಸುವ ಔತಣಕ್ಕೆ ಬಂದವರು ಉಂಡು ಹೋಗುತ್ತಾರೆ. ಅವಳು ಕಟ್ಟುವ ನಾಟಕಮಂಡಳಿ ಒಂದು ಹಗುರವಾದ ಪ್ರಹಸನದೊಡನೆ ಮುಗಿಯುತ್ತದೆ. ಊರ ಮಹಿಳಾಸಂಘವು ಇಂಗ್ಲಿಷ್ ಕವಿಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಓದಿ ತೀರಿಸಿ ನಿಶ್ಚಿಂತವಾಗುತ್ತದೆ. ಕಿಟಕಿಯ ಪರದೆಗಳ ಸಂದಿಯಿಂದ ಊರು ಅವಳನ್ನು ನೋಡುತ್ತಿದೆ. ಅವಳ ಉಡುಪು, ಅಡಿಗೆ, ಕೆಲಸದವಳಿಗೆ ಕೊಡುವ ಸಂಬಳ ಎಲ್ಲವೂ ಹತ್ತು ಬಾಯಿಗಳಲ್ಲಿ ಅರೆದು ಹಣ್ಣಾಗುತ್ತದೆ. ಕೊನೆಗೆ ಮಗನೊಡನೆ ಊರು ಬಿಟ್ಟು ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು, ಸುಮಾರು ಎರಡು ವರ್ಷಗಳ ಮೇಲೆ ಅವಳು ಹಿಂತಿರುಗುತ್ತಾಳೆ. ಸೋತಿದ್ದಾಳೆ, ಆದರೆ ತನ್ನ ಸೋಲನ್ನು ಸರಿಯೆಂದು ಒಪ್ಪಿಕೊಂಡಿಲ್ಲ.

ಈ ಕೃತಿಯ ಮರ್ಮವು ಅದರ ಆರಂಭದ ಒಂದು ಸನ್ನಿವೇಶದಲ್ಲಿ ಅಡಗಿದೆ. ಊರಿಗೆ ಬಂದ ದಿನ ಕ್ಯಾರಲ್ ಮುಖ್ಯಬೀದಿಯಲ್ಲಿ ನಡೆಯುತ್ತಾಳೆ. ಊರನ್ನು ಪೂರ್ತಿಯಾಗಿ ನೋಡಿ ಮುಗಿಸಲು ಅವಳಿಗೆ 32 ನಿಮಿಷಗಳು ಸಾಕಾಗುತ್ತವೆ. ಧೂಳು ಹಿಡಿದ ಗಾಜು, ಕೊಳಕು ಹೋಟಲು, ಒಂದಕ್ಕೊಂದು ಹೊಂದದ ಕಟ್ಟಡಗಳು ಇವಿಷ್ಟೇ ಅವಳ ಕಣ್ಣಿಗೆ ಬೀಳುತ್ತವೆ. ಅದೇ ದಿನ ಅದೇ ರೈಲಿನಲ್ಲಿ ಬಂದಿಳಿದ ಬಿಯಾ ಎಂಬ ಸ್ವೀಡಿಷ್ ರೈತರ ಹುಡುಗಿಯೂ ಅದೇ ಬೀದಿಯಲ್ಲಿ ನಡೆಯುತ್ತಾಳೆ. ಹಳ್ಳಿಯ ಹೊಲವನ್ನಲ್ಲದೆ ಬೇರೇನನ್ನೂ ಕಾಣದ ಅವಳಿಗೆ ಈ ಅಂಗಡಿಗಳು, ಈ ದೀಪಗಳು, ಈ ಜನಸಂದಣಿ ಎಲ್ಲವೂ ಮಹಾನಗರದ ವೈಭವ. ಸಂಬಳ ಕಡಿಮೆಯಾದರೂ ಇಲ್ಲಿಯೇ ನಿಲ್ಲಬೇಕೆಂದು ಅವಳು ನಿಶ್ಚಯಿಸುತ್ತಾಳೆ. ಲೂಯಿಸನು ಎರಡು ನಡಿಗೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ. ಬೀದಿ ಒಂದೇ, ಅದನ್ನು ಕಂಡ ಕಣ್ಣುಗಳು ಎರಡು. ಹೀಗೆ ಮಾಡುವುದರಿಂದ ಊರಿನ ಮೇಲೆ ಮಾತ್ರವಲ್ಲದೆ, ಊರನ್ನು ಹೀಗಳೆಯುವ ಕ್ಯಾರಲಳ ಮೇಲೆಯೂ ವಿಡಂಬನೆಯ ಬೆಳಕು ಬೀಳುತ್ತದೆ.

ಬಿಯಾಳ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕ್ಯಾರಲಳ ಮನೆಗೆಲಸಕ್ಕೆ ಸೇರಿ ಅವಳ ಗೆಳತಿಯೂ ಆಗಿ, ಊರಿನ ನಾಸ್ತಿಕ ಕೂಲಿಗಾರ ಮೈಲ್ಸ್ ಬ್ಯೋರ್ನ್‌ಸ್ಟಾಮನನ್ನು ಮದುವೆಯಾಗಿ, ಕೆಟ್ಟ ನೀರಿನಿಂದ ಬಂದ ವಿಷಮಶೀತಜ್ವರಕ್ಕೆ ಅವಳೂ ಅವಳ ಪುಟ್ಟ ಮಗನೂ ಬಲಿಯಾಗುತ್ತಾರೆ. ಅದುವರೆಗೆ ತಿರುಗಿ ನೋಡದಿದ್ದ ಊರ ಹೆಂಗಸರು ಆಗ ಬುಟ್ಟಿಗಳನ್ನು ಹಿಡಿದು ಬಾಗಿಲಿಗೆ ಬರುತ್ತಾರೆ; ಮೈಲ್ಸನು ಅವರನ್ನು ಹಿಂದಕ್ಕೆ ಕಳಿಸುತ್ತಾನೆ. ಊರನ್ನು ಅತ್ಯಂತ ಬೆರಗಿನಿಂದ ಪ್ರೀತಿಸಿದವಳನ್ನೇ ಊರು ಕೊಂದಿತು ಎಂಬುದನ್ನು ಲೂಯಿಸನು ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿ ನಗೆ ನಿಂತುಹೋಗಿ, ಅದರ ಅಡಿಯಲ್ಲಿದ್ದ ಕರುಣ ಮೇಲೆದ್ದು ಬರುತ್ತದೆ.

ಮತ್ತೊಂದು ಪ್ರಕರಣದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ರಾತ್ರಿಯ ಹೊತ್ತು ರೈತನೊಬ್ಬನ ಮನೆಯಲ್ಲಿ, ದೀಪದ ಬೆಳಕಿನಲ್ಲಿ, ಅಡಿಗೆಮನೆಯ ಮೇಜಿನ ಮೇಲೆ ಡಾಕ್ಟರ್ ಕೆನಿಕಾಟನು ನಜ್ಜುಗುಜ್ಜಾದ ತೋಳೊಂದನ್ನು ಕತ್ತರಿಸಬೇಕಾಗುತ್ತದೆ. ಮೂರ್ಛೆಯ ಔಷಧವನ್ನು ಕೊಡುವವಳು ಕ್ಯಾರಲ್. ಆ ಔಷಧದ ಆವಿಗೆ ದೀಪದ ಉರಿ ತಾಗಿದ್ದರೆ ಮನೆಯೇ ಹಾರಿಹೋಗುತ್ತಿತ್ತೆಂಬುದು ಗಂಡನಿಗೆ ಮೊದಲಿನಿಂದಲೂ ಗೊತ್ತಿದ್ದಿತು. ಅವಳಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಕವಿತೆಯೆಂದರೆ ಆಕಳಿಸುವ, ದುಡ್ಡು, ಬೇಟೆ, ಮೋಟಾರು ಇವಿಷ್ಟನ್ನೇ ಮಾತನಾಡುವ ಆ ಮನುಷ್ಯನಲ್ಲಿ ಇಂಥ ಧೈರ್ಯವೂ ಕರ್ತವ್ಯನಿಷ್ಠೆಯೂ ಇದ್ದುವೆಂಬುದನ್ನು ಕಂಡು ಕ್ಯಾರಲಳ ತಿರಸ್ಕಾರ ಕುಗ್ಗುತ್ತದೆ. ಕೆನಿಕಾಟನನ್ನು ಚಿತ್ರಿಸುವಾಗ ಲೂಯಿಸನ ಕಣ್ಣಮುಂದೆ ತನ್ನ ತಂದೆಯೂ ಅಣ್ಣನೂ ಇದ್ದರೆಂದು ಊಹಿಸುವುದು ಕಷ್ಟವಲ್ಲ. ಊರು ಬಿಟ್ಟು ದೂರದ ನಗರದಲ್ಲಿ ನೆಲೆಸಿದವರು ಬಿಟ್ಟುಬಂದ ಊರನ್ನು ಒಮ್ಮೆ ಹೀಯಾಳಿಸುತ್ತಾರೆ, ಇನ್ನೊಮ್ಮೆ ಅದನ್ನೇ ನೆನೆದು ಕೊರಗುತ್ತಾರೆ, ಎರಡೂ ಸುಳ್ಳಲ್ಲ. ‘ಮೇನ್ ಸ್ಟ್ರೀಟ್’ ಈ ಎರಡನ್ನೂ ಒಂದೇ ಮನಸ್ಸಿನಲ್ಲಿ ಹಿಡಿದಿಟ್ಟುದರಿಂದಲೇ ಉಳಿದುಕೊಂಡಿದೆ.

3

ಎರಡು ವರ್ಷಗಳ ತರುವಾಯ ಬಂದ ‘ಬ್ಯಾಬಿಟ್’ ಕಾದಂಬರಿಯಲ್ಲಿ ಲೂಯಿಸನು ಊರಿನಿಂದ ನಗರಕ್ಕೆ ಬಂದನು. ಜೆನಿತ್ ಎಂಬ ಕಲ್ಪಿತ ನಗರ, ಅದು ಇರುವ ವಿನಿಮ್ಯಾಕ್ ಎಂಬ ಕಲ್ಪಿತ ಸಂಸ್ಥಾನ; ಇವುಗಳ ಬೀದಿಗಳಿಗೂ ಮನೆಗಳಿಗೂ ಅವನು ನಕ್ಷೆಗಳನ್ನೇ ಬರೆದಿಟ್ಟುಕೊಂಡಿದ್ದನು. ಬರೆಯುವ ಮೊದಲು ವಸ್ತುವಿನ ಕ್ಷೇತ್ರಕ್ಕೆ ಹೋಗಿ, ಜನರೊಡನೆ ಬೆರೆತು, ಅವರ ಮಾತಿನ ಧಾಟಿಯನ್ನು ಟಿಪ್ಪಣಿ ಮಾಡಿಕೊಂಡು, ಪಾತ್ರಗಳ ಪೂರ್ವಚರಿತ್ರೆಯನ್ನೆಲ್ಲ ಸಿದ್ಧಪಡಿಸಿಕೊಳ್ಳುವುದು ಅವನ ಪದ್ಧತಿ. ಸಮಾಜಶಾಸ್ತ್ರಜ್ಞನ ಶ್ರಮವೂ ಬಹುರೂಪಿಯ ಅನುಕರಣಶಕ್ತಿಯೂ ಅವನಲ್ಲಿ ಕೂಡಿದ್ದುವು.

ಜಾರ್ಜ್ ಬ್ಯಾಬಿಟ್ 46 ವರ್ಷದ ಮನೆ ನಿವೇಶನಗಳ ದಲ್ಲಾಳಿ. ಅವನ ಒಂದು ದಿನವನ್ನು, ಬೆಳಿಗ್ಗೆ ಗಡಿಯಾರದ ಗಂಟೆಯಿಂದ ರಾತ್ರಿಯ ನಿದ್ದೆಯವರೆಗೆ, ಮೊದಲ ಏಳು ಅಧ್ಯಾಯಗಳು ವರ್ಣಿಸುತ್ತವೆ. ಏನೂ ನಡೆಯದ ದಿನವದು. ಸ್ನಾನದ ಮನೆಯ ಒದ್ದೆ ಟವೆಲು, ಉಡುಪಿನ ಆಯ್ಕೆ, ಮೋಟಾರನ್ನು ನಿಲ್ಲಿಸಲು ಸಿಕ್ಕ ಜಾಗ, ಕಚೇರಿಯಲ್ಲಿ ಬರೆಸಿದ ಕಾಗದ, ಸಂಘದಲ್ಲಿ ಗೆಳೆಯರೊಡನೆ ಊಟ ಇವುಗಳೇ ಅದರ ಘಟನೆಗಳು. ಆದರೆ ಓದುತ್ತ ಹೋದಂತೆ ಒಂದು ಭೀತಿ ಆವರಿಸುತ್ತದೆ: ಈ ಮನುಷ್ಯನ ಬಳಿ ವಸ್ತುಗಳಿವೆ, ತಾನಿಲ್ಲ. ಧರ್ಮದ ವಿಷಯದಲ್ಲಿ ಏನನ್ನು ನಂಬಬೇಕೆಂಬುದನ್ನು ಅವನ ಚರ್ಚು ಹೇಳುತ್ತದೆ, ರಾಜಕೀಯವನ್ನು ಅವನ ಪಕ್ಷದ ಮುಖಂಡರು ಹೇಳುತ್ತಾರೆ, ಯಾವ ಸಾಮಾನು ಒಳ್ಳೆಯದೆಂಬುದನ್ನು ಜಾಹೀರಾತು ಹೇಳುತ್ತದೆ. ಅವನ ಅಂತರಂಗದಲ್ಲಿ ತನ್ನದೆಂಬುದು ಒಂದೇ. ಕನಸಿನಲ್ಲಿ ಬಂದು ಕರೆಯುವ ಒಬ್ಬ ಅಪ್ಸರೆಯಂಥ ಹುಡುಗಿ. ಅವಳ ಕೈಹಿಡಿಯುವಷ್ಟರಲ್ಲಿ ನಿತ್ಯವೂ ಎಚ್ಚರವಾಗುತ್ತದೆ.

ಅವನ ಪ್ರಾಣಮಿತ್ರನಾದ ಪಾಲ್ ರೀಸ್ಲಿಂಗ್ ಪಿಟೀಲು ನುಡಿಸಬೇಕೆಂದಿದ್ದು ಛಾವಣಿಯ ಸಾಮಾನಿನ ವ್ಯಾಪಾರಿಯಾದವನು. ಹೆಂಡತಿಯ ಕಾಟ ತಾಳಲಾರದೆ ಅವಳ ಮೇಲೆ ಗುಂಡು ಹಾರಿಸಿ ಸೆರೆಮನೆಗೆ ಹೋಗುತ್ತಾನೆ. ಆ ಆಘಾತದಿಂದ ಬ್ಯಾಬಿಟನ ಬಾಳಿನ ಅಡಿಪಾಯ ಅಲುಗುತ್ತದೆ. ಪರಸ್ತ್ರೀಯ ಸಂಗ, ಕುಡಿತದ ಗೋಷ್ಠಿ ಎಲ್ಲವನ್ನೂ ಅವನು ಪ್ರಯತ್ನಿಸುತ್ತಾನೆ. ಮುಷ್ಕರ ಹೂಡಿದ ಕೂಲಿಗಾರರ ಪರವಾಗಿ ಒಂದೆರಡು ಮಾತನ್ನೂ ಆಡುತ್ತಾನೆ. ಊರು ಕ್ಷಮಿಸುವುದು ವ್ಯಭಿಚಾರವನ್ನು. ಆ ಒಂದೆರಡು ಮಾತುಗಳನ್ನಲ್ಲ. ‘ಸತ್ಪ್ರಜೆಗಳ ಸಂಘ’ಕ್ಕೆ ಸೇರಲು ಅವನು ಒಪ್ಪದಿದ್ದಾಗ, ಗೆಳೆಯರು ಬೈಯುವುದೂ ಇಲ್ಲ, ಹೊಡೆಯುವುದೂ ಇಲ್ಲ. ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ, ವ್ಯಾಪಾರವನ್ನು ಬೇರೆಯವರಿಗೆ ಕೊಡುತ್ತಾರೆ, ಅವನು ಬಂದೊಡನೆ ಮಾತು ನಿಲ್ಲಿಸುತ್ತಾರೆ. ಬಹಿಷ್ಕಾರವೆಂಬ ಹೆಸರಿಲ್ಲದ ಈ ಬಹಿಷ್ಕಾರದ ಚಿತ್ರಣ ಲೂಯಿಸನ ಕಲೆಯ ಶಿಖರ. ಹೆಂಡತಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ಗೆಳೆಯರು ಮತ್ತೆ ಹತ್ತಿರ ಬರುತ್ತಾರೆ. ಬ್ಯಾಬಿಟ್ ಸಂಘಕ್ಕೆ ಸೇರುತ್ತಾನೆ, ಅತ್ತಷ್ಟು ಸಂತೋಷಪಡುತ್ತಾನೆ.

ಕಾದಂಬರಿಯ ಕೊನೆಯಲ್ಲಿ, ಮನೆಯವರಿಗೆ ಹೇಳದೆ ಮದುವೆಯಾಗಿ ಬಂದ ಮಗನನ್ನು ಎಲ್ಲರೂ ಗದರುತ್ತಿರುವಾಗ, ಬ್ಯಾಬಿಟ್ ಅವನನ್ನು ಒಂದು ಕಡೆಗೆ ಕರೆದು, ತನ್ನ ಇಡೀ ಬಾಳಿನಲ್ಲಿ ತಾನು ಬಯಸಿದ ಒಂದು ಕೆಲಸವನ್ನಾದರೂ ಮಾಡಿದವನಲ್ಲವೆಂದು ಒಪ್ಪಿಕೊಂಡು, ನೀನು ನಿನ್ನ ದಾರಿಯಲ್ಲಿ ನಡೆ ಎನ್ನುತ್ತಾನೆ. ನಿಘಂಟಿನ ‘ಬ್ಯಾಬಿಟ್’ ಶಬ್ದದಲ್ಲಿ ಈ ತಂದೆಯಿಲ್ಲ. ಶಬ್ದವು ಹಾಸ್ಯಾಸ್ಪದನಾದ ಮನುಷ್ಯನನ್ನು ಹಿಡಿದುಕೊಂಡು, ದುಃಖಿತನಾದ ಮನುಷ್ಯನನ್ನು ಕೈಬಿಟ್ಟಿತು. ಹೆಸರನ್ನು ಬಲ್ಲವರು ಗ್ರಂಥವನ್ನೂ ಓದಬೇಕಾದ ಅಗತ್ಯ ಇಲ್ಲಿಯೇ ಇದೆ.

4

ಯಾವ ಆದರ್ಶವನ್ನು ಎದುರಿಗಿಟ್ಟುಕೊಂಡು ಈತನು ನಗುತ್ತಾನೆ ಎಂದು ವಿಡಂಬನಕಾರನನ್ನು ಕೇಳುವ ಹಕ್ಕು ಓದುಗನಿಗಿದೆ. ಆ ಪ್ರಶ್ನೆಗೆ ಲೂಯಿಸನು ಕೊಟ್ಟ ಉತ್ತರ ‘ಆರೋಸ್ಮಿತ್’ (1925). ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಸಂಶೋಧಕನಾಗಿದ್ದ ಪಾಲ್ ಡಿ ಕ್ರೈಫನು ಈ ಕೃತಿಗೆ ಬೇಕಾದ ವಿಜ್ಞಾನವನ್ನೊದಗಿಸಿದನು. ಇಬ್ಬರೂ ಕೂಡಿ 1923ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿಬಂದರು. ಮಾರ್ಟಿನ್ ಆರೋಸ್ಮಿತನ ಗುರುವಾದ ಮ್ಯಾಕ್ಸ್ ಗಾಟ್ಲೀಬನು ಲೂಯಿಸನ ಕೃತಿಗಳಲ್ಲಿ ನಗೆಯ ಸೋಂಕಿಲ್ಲದ ಕೆಲವೇ ಪಾತ್ರಗಳಲ್ಲಿ ಒಬ್ಬ. ಸತ್ಯಾನ್ವೇಷಣೆಯೊಂದನ್ನೇ ದೇವರೆಂದು ಬಗೆದ ವೃದ್ಧ ತಪಸ್ವಿ. ಹಳ್ಳಿಯ ವೈದ್ಯವೃತ್ತಿ, ನಗರದ ಆರೋಗ್ಯಖಾತೆ, ಲಾಭದ ಚಿಕಿತ್ಸಾಲಯ, ಸಿರಿವಂತರ ಸಂಶೋಧನಸಂಸ್ಥೆ ಹೀಗೆ ಒಂದೊಂದಾಗಿ ದಾಟುತ್ತ ಹೋಗುವ ಮಾರ್ಟಿನನು ಸೂಕ್ಷ್ಮಜೀವಿಗಳನ್ನು ನುಂಗುವ ‘ಬ್ಯಾಕ್ಟೀರಿಯೊಫೇಜ್’ ತತ್ತ್ವವನ್ನು ಕಂಡುಹಿಡಿಯುತ್ತಾನೆ. ಅಷ್ಟರಲ್ಲಿ ಫ್ರಾನ್ಸಿನ ಡಿ’ಎರೆಲ್ ಅದನ್ನು ಆಗಲೇ ಪ್ರಕಟಿಸಿರುವನೆಂಬುದು ತಿಳಿಯುತ್ತದೆ. ಡಿ’ಎರೆಲ್ ಕಲ್ಪಿತನಲ್ಲ, 1917ರಲ್ಲಿ ಆ ಸಂಶೋಧನೆಯನ್ನು ಪ್ರಕಟಿಸಿದವನು, ಈ ಕಾದಂಬರಿ ಬಂದ ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂದು ಕಾಲರಾದ ಮೇಲೆ ಅದನ್ನು ಪ್ರಯೋಗಿಸಿ ನೋಡಿದವನು.

ಪ್ಲೇಗು ಹಬ್ಬಿದ ದ್ವೀಪವೊಂದಕ್ಕೆ ಮಾರ್ಟಿನನು ತನ್ನ ಔಷಧದೊಡನೆ ಹೋಗುತ್ತಾನೆ. ಅದರ ಗುಣ ನಿಜವಾಗಿ ತಿಳಿಯಬೇಕಾದರೆ ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ ಹೋಲಿಸಬೇಕು. ಮುಂದಿನ ಪೀಳಿಗೆಗಳ ಲಕ್ಷಾಂತರ ಪ್ರಾಣಗಳಿಗಾಗಿ ಕಣ್ಣೆದುರಿನ ನೂರಾರು ಪ್ರಾಣಗಳನ್ನು ಕೈಬಿಡುವುದು ಸರಿಯೇ? ಆ ನಿಷ್ಠುರನಿಯಮವನ್ನು ಪಾಲಿಸುವೆನೆಂದು ಗುರುವಿಗೆ ಅವನು ಮಾತು ಕೊಟ್ಟಿದ್ದಾನೆ. ಆದರೆ ಹೆಂಡತಿ ಲಿಯೋರಾ ಅವನಿಲ್ಲದಾಗ ಪ್ಲೇಗಿಗೆ ತುತ್ತಾದೊಡನೆ ಅವನು ಮಾತು ಮುರಿದು ಎಲ್ಲರಿಗೂ ಔಷಧವನ್ನು ಹಂಚಿಬಿಡುತ್ತಾನೆ. ಊರಿಗೆ ಹಿಂತಿರುಗಿದರೆ ಜಯಜಯಕಾರ. ತನ್ನ ಲೆಕ್ಕ ಕೆಟ್ಟಿತೆಂಬುದನ್ನು ಬಲ್ಲವನು ಅವನೊಬ್ಬನೇ. ತಪ್ಪೊಪ್ಪಿಕೊಳ್ಳಲು ಗುರುವಿನ ಬಳಿಗೆ ಹೋದರೆ, ಗಾಟ್ಲೀಬನಿಗೆ ಅರಿವು ತಪ್ಪಿಹೋಗಿದೆ. ಶಿಕ್ಷೆ ಕೊಡಬೇಕಾದವನೇ ಇಲ್ಲದಿರುವುದು ಎಂಥ ಶಿಕ್ಷೆ! ವಿಡಂಬನೆಯ ಲೇಖಕನೊಬ್ಬನು ದುರಂತದ ಹೊಸ್ತಿಲವರೆಗೆ ಬಂದ ಗಳಿಗೆ ಇದು.

ಈ ಕೃತಿಗೆ 1926ರಲ್ಲಿ ಪುಲಿಟ್ಜರ್ ಪಾರಿತೋಷಕ ಬಂದಾಗ ಲೂಯಿಸನು ಅದನ್ನು ನಿರಾಕರಿಸಿದನು. 1921ರಲ್ಲಿ ತೀರ್ಪುಗಾರರು ‘ಮೇನ್ ಸ್ಟ್ರೀಟ್’ ಕೃತಿಯನ್ನು ಸೂಚಿಸಿದ್ದರೂ ಮೇಲಿನವರು ಅದನ್ನು ತಳ್ಳಿಹಾಕಿ ಈಡಿತ್ ವಾರ್ಟನಳಿಗೆ ಬಹುಮಾನವನ್ನಿತ್ತಿದ್ದರು. ಆ ನೋವು ಅವನಲ್ಲಿ ಇದ್ದಿರಬಹುದು. ಆದರೂ ವಾರ್ಟನಳ ಮೇಲೆ ದ್ವೇಷವಿರಲಿಲ್ಲ, ‘ಬ್ಯಾಬಿಟ್’ ಅವಳಿಗೇ ಅರ್ಪಿತವಾಗಿದೆ. ಉತ್ತಮ ನಡತೆಯನ್ನು ಚಿತ್ರಿಸುವ ಕೃತಿಗೆ ಬಹುಮಾನವೆಂಬ ನಿಯಮವು ಲೇಖಕರನ್ನು ವಿಧೇಯರನ್ನಾಗಿ ಮಾಡುವುದೆಂಬುದು ಅವನು ಮುಂದಿಟ್ಟ ಕಾರಣ. ನಾಲ್ಕು ವರ್ಷಗಳ ಮೇಲೆ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗ ಹಲವರು ಅವನನ್ನು ಹಂಗಿಸಿದರು. ಅವರ ಮಾತಿನಲ್ಲಿ ಸ್ವಲ್ಪ ನಿಜವಿದ್ದರೂ, ನೊಬೆಲ್ ಬಹುಮಾನಕ್ಕೆ ಒಂದು ದೇಶದ ನಡತೆಯನ್ನು ಹೊಗಳಬೇಕೆಂಬ ಷರತ್ತು ಇರಲಿಲ್ಲವೆಂಬುದನ್ನು ಮರೆಯಲಾಗದು.

5

1927ರ ‘ಎಲ್ಮರ್ ಗ್ಯಾಂಟ್ರಿ’ ಲೂಯಿಸನ ಕೃತಿಗಳಲ್ಲೆಲ್ಲ ಹೆಚ್ಚು ಗದ್ದಲವೆಬ್ಬಿಸಿದ ಗ್ರಂಥ. ಕುಡುಕನೂ ಲಂಪಟನೂ ಆದ ಒಬ್ಬ ಗಟ್ಟಿಗಂಟಲಿನ ಯುವಕನು ಧರ್ಮೋಪದೇಶಕನಾಗಿ, ಒಂದೊಂದೇ ಮೆಟ್ಟಿಲೇರಿ ಪ್ರಸಿದ್ಧಿಯ ತುದಿಯನ್ನು ಮುಟ್ಟುವ ಕಥೆಯಿದು. ಇದಕ್ಕಾಗಿ ಲೂಯಿಸನು 1926ರಲ್ಲಿ ಕನ್ಸಾಸ್ ಸಿಟಿ ನಗರದಲ್ಲಿ ಪಾದ್ರಿಗಳನ್ನು ಕಲೆಹಾಕಿ ಚರ್ಚೆ ನಡೆಸಿದನು. ಉಪದೇಶಪೀಠದ ಮೇಲೆ ನಿಂತು, ದೇವರಿದ್ದರೆ ತನ್ನನ್ನು ಈಗಲೇ ಕೊಲ್ಲಲಿ ಎಂದು ಸವಾಲು ಹಾಕಿ ದೇಶದಲ್ಲೆಲ್ಲ ಸುದ್ದಿಯಾದನು. ಗ್ರಂಥವನ್ನು ಬಾಸ್ಟನ್ ನಗರದಲ್ಲಿ ನಿಷೇಧಿಸಲಾಯಿತು.

ಗದ್ದಲವೆಲ್ಲ ಅಡಗಿದ ಮೇಲೆ ಕೃತಿಯ ಕೊರತೆ ಎದ್ದು ಕಾಣುತ್ತದೆ. ಭರತನು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತಹಸಿತಗಳನ್ನು ಉತ್ತಮಪ್ರಕೃತಿಗೂ ವಿಹಸಿತ ಉಪಹಸಿತಗಳನ್ನು ಮಧ್ಯಮಕ್ಕೂ ಅಪಹಸಿತ ಅತಿಹಸಿತಗಳನ್ನು ಅಧಮಕ್ಕೂ ಹೇಳಿದ್ದಾನೆ. ಆ ಲಕ್ಷಣವನ್ನು ಇಲ್ಲಿಗೆ ಅನ್ವಯಿಸುವುದಾದರೆ, ‘ಬ್ಯಾಬಿಟ್’ ಕೃತಿಯ ನಗೆ ಬಹುಮಟ್ಟಿಗೆ ನಡುವಣ ವರ್ಗದ್ದು. ಆಗಾಗ ಸ್ಮಿತಕ್ಕೆ ಏರುತ್ತದೆ. ‘ಗ್ಯಾಂಟ್ರಿ’ಯ ನಗೆಯಾದರೋ ಅಟ್ಟಹಾಸದಲ್ಲೇ ನಿಂತುಬಿಡುತ್ತದೆ. ಗ್ಯಾಂಟ್ರಿಗೆ ಒಳಗಿಲ್ಲ. ಅವನು ಒಮ್ಮೆಯಾದರೂ ತನ್ನ ಉಪದೇಶವನ್ನು ತಾನೇ ನಂಬಿದ್ದರೆ, ಒಮ್ಮೆಯಾದರೂ ತನ್ನನ್ನು ಕಂಡು ತಾನೇ ಬೆಚ್ಚಿದ್ದರೆ, ಓದುಗನು ತನ್ನ ಎದೆಯನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದನು. ಬ್ಯಾಬಿಟನಲ್ಲಿ ಪ್ರತಿಯೊಬ್ಬನೂ ಸ್ವಲ್ಪ ತನ್ನನ್ನು ಕಾಣುತ್ತಾನೆ. ಗ್ಯಾಂಟ್ರಿಯಲ್ಲಿ ಪಕ್ಕದ ಮನೆಯವನನ್ನು ಮಾತ್ರ ಕಾಣುತ್ತಾನೆ. ವಿಡಂಬನೆಯು ನಿಂದೆಯಾಗುವುದು ಈ ಗಡಿಯನ್ನು ದಾಟಿದಾಗಲೇ. ಸಂಶಯಗ್ರಸ್ತನಾದರೂ ಪ್ರಾಮಾಣಿಕನಾದ ಫ್ರಾಂಕ್ ಶಾಲಾರ್ಡ್ ಎಂಬ ಪಾದ್ರಿಯು ಮತಾಂಧರ ಏಟಿನಿಂದ ಕಣ್ಣು ಕಳೆದುಕೊಳ್ಳುವ ಪ್ರಸಂಗವೊಂದೇ ಗ್ರಂಥವನ್ನು ಒಂದು ಕ್ಷಣ ಮೇಲೆತ್ತುತ್ತದೆ.

‘ಡಾಡ್ಸ್‌ವರ್ತ್’ (1929) ಕಾದಂಬರಿಯಲ್ಲಿ ಲೂಯಿಸನು ಕಳೆದುಹೋದ ಸಮತೋಲವನ್ನು ಮರಳಿ ಪಡೆದನು. ಜೆನಿತ್ ನಗರದ ಮೋಟಾರು ತಯಾರಕನಾದ ಸ್ಯಾಮ್ ಡಾಡ್ಸ್‌ವರ್ತ್ ತನ್ನ ಕಾರಖಾನೆಯನ್ನು ಮಾರಿ, ಹೆಂಡತಿ ಫ್ರಾನಳೊಡನೆ ಯೂರೋಪಿಗೆ ಹೋಗಿ, ಅಲ್ಲಿ ಅವಳನ್ನು ಕಳೆದುಕೊಂಡು ತನ್ನನ್ನು ಕಂಡುಕೊಳ್ಳುತ್ತಾನೆ. ಲೂಯಿಸನು ಅದೇ ಹೊತ್ತಿಗೆ ಮೊದಲ ಹೆಂಡತಿ ಗ್ರೇಸಳಿಂದ ಬೇರ್ಪಟ್ಟು, 1928ರಲ್ಲಿ ಪ್ರಸಿದ್ಧ ಪತ್ರಕರ್ತೆ ಡೊರೊತಿ ಥಾಂಪ್ಸನಳನ್ನು ಮದುವೆಯಾಗಿದ್ದನು. ಸ್ವಂತ ನೋವಿನ ಬಿಸಿ ಈ ಕೃತಿಗೆ ತಟ್ಟಿದೆ. ಆದರೆ ಅದು ಸೇಡಾಗಿ ಮಾರ್ಪಡದೆ ಕಥೆಯಾಗಿದೆ.

6

1930ನೆಯ ಡಿಸೆಂಬರ್ 12ರಂದು ಸ್ಟಾಕ್‌ಹೋಮಿನಲ್ಲಿ ಲೂಯಿಸನು ಮಾಡಿದ ನೊಬೆಲ್ ಉಪನ್ಯಾಸವು ಅವನ ವ್ಯಕ್ತಿತ್ವವನ್ನು ಬಲು ಚೆನ್ನಾಗಿ ತೋರಿಸುತ್ತದೆ. ದೇಶವನ್ನು ಹೊಗಳದ ಸಾಹಿತ್ಯವನ್ನು ಕಂಡರೆ ಅಮೇರಿಕನ್ನರು ಹೆದರುತ್ತಾರೆಂದು ಅವನು ಟೀಕಿಸಿದನು. ಸಾಹಿತ್ಯಸಂಸ್ಥೆಗಳ ಮಡಿವಂತಿಕೆಯನ್ನು ಹೀಯಾಳಿಸಿದನು. ಅಷ್ಟರಲ್ಲೇ ನಿಲ್ಲದೆ, ಈ ಗೌರವ ಡ್ರೈಸರನಿಗೆ, ವಿಲ್ಲಾ ಕ್ಯಾದರಳಿಗೆ, ಓನೀಲನಿಗೆ ಸಂದಿದ್ದರೂ ನ್ಯಾಯವೇ ಆಗುತ್ತಿತ್ತೆಂದು ತೋರಿಸಿ, ಇನ್ನೂ ಹೊಸಬರಾಗಿದ್ದ ಹೆಮಿಂಗ್ವೇ, ಥಾಮಸ್ ವುಲ್ಫ್, ಫಾಕ್ನರ್ ಮೊದಲಾದವರ ಹೆಸರುಗಳನ್ನು ಜಗತ್ತಿನ ಮುಂದೆ ಎತ್ತಿ ಹೇಳಿದನು. ತನಗೆ ಸಂದ ಸನ್ಮಾನದ ದಿನವನ್ನು ಇತರರ ಪ್ರಶಂಸೆಗೆ ಮೀಸಲಿಟ್ಟ ಈ ಔದಾರ್ಯವು ಅವನ ಕೊಂಕುಮಾತಿನ ಹಿಂದಿದ್ದ ಹೃದಯಕ್ಕೆ ಸಾಕ್ಷಿ. ಆ ಪಟ್ಟಿಯಲ್ಲಿದ್ದ ಓನೀಲ್, ಫಾಕ್ನರ್, ಹೆಮಿಂಗ್ವೇ ಮೂವರೂ ಮುಂದೆ ಅದೇ ಪಾರಿತೋಷಕವನ್ನು ಪಡೆದರು. ಅವರ ಕಲೆಯ ಮುಂದೆ ಲೂಯಿಸನ ಕಲೆ ಹಳತಾಯಿತೆಂಬುದೂ ಅಷ್ಟೇ ನಿಜ.

ನೊಬೆಲ್ ಬಂದ ತರುವಾಯ ಅವನು ಹತ್ತು ಕಾದಂಬರಿಗಳನ್ನು ಬರೆದನು. ಅವುಗಳಲ್ಲಿ ಉಳಿಯುವಂಥವು ಎರಡು. ಯೂರೋಪಿನಲ್ಲಿ ಸರ್ವಾಧಿಕಾರ ತಲೆಯೆತ್ತುತ್ತಿದ್ದ ಕಾಲ. ಡೊರೊತಿ ಥಾಂಪ್ಸನ್ ಹಿಟ್ಲರನನ್ನು ಕಣ್ಣಾರೆ ಕಂಡು ಬರೆದು, 1934ರಲ್ಲಿ ಜರ್ಮನಿಯಿಂದ ಹೊರಹಾಕಲ್ಪಟ್ಟಿದ್ದಳು. ಮರುವರ್ಷ ಹೊರಬಂದ ‘ಇಟ್ ಕಾಂಟ್ ಹ್ಯಾಪನ್ ಹಿಯರ್’ ಕಾದಂಬರಿಯಲ್ಲಿ, ನಗಿಸುವ ಮಾತುಗಾರನೊಬ್ಬನು ಚುನಾವಣೆಯ ಮೂಲಕವೇ ಅಧ್ಯಕ್ಷನಾಗಿ ಅಮೇರಿಕದ ಪ್ರಜಾಪ್ರಭುತ್ವವನ್ನು ಕಿತ್ತೊಗೆಯುತ್ತಾನೆ. ‘ಅಂಥದು ನಮ್ಮಲ್ಲಿ ನಡೆಯದು’ ಎಂಬ ನೆಮ್ಮದಿಯ ಮಾತೇ ಗ್ರಂಥದ ಹೆಸರು. ಕಥಾಶಿಲ್ಪದ ದೃಷ್ಟಿಯಿಂದ ಇದು ಅವಸರದ ಕೃತಿ. ಆದರೆ ನಾಯಕನಾದ ವೃದ್ಧ ಪತ್ರಿಕಾಸಂಪಾದಕ ಡೊರೀಮಸ್ ಜೆಸಪನು ಸೆರೆಗೆ ಹೋಗುವ ಮುನ್ನ ಕಂಡುಕೊಳ್ಳುವ ಸತ್ಯ ದೊಡ್ಡದು: ತಪ್ಪು ಸರ್ವಾಧಿಕಾರಿಯೊಬ್ಬನದಲ್ಲ, ಗಲಾಟೆ ನಮಗೇಕೆಂದು ಸುಮ್ಮನೆ ಕುಳಿತ ತನ್ನಂಥ ಮರ್ಯಾದಸ್ಥರದು. 1936ನೆಯ ಅಕ್ಟೋಬರ್ 27ರಂದು ಇದರ ನಾಟಕರೂಪವು ಸರ್ಕಾರಿ ರಂಗಯೋಜನೆಯ ಆಶ್ರಯದಲ್ಲಿ ಹಲವಾರು ನಗರಗಳಲ್ಲಿ ಒಂದೇ ರಾತ್ರಿ ಪ್ರದರ್ಶಿತವಾಯಿತು. ಎಂಬತ್ತು ವರ್ಷಗಳ ತರುವಾಯ, 2016ರ ಅಧ್ಯಕ್ಷೀಯ ಚುನಾವಣೆಯ ಬೆನ್ನಿಗೆ, ಓದುಗರು ಮತ್ತೆ ಈ ಗ್ರಂಥವನ್ನು ಹುಡುಕಿ ಕೊಂಡರು. ಎರಡನೆಯದು ‘ಕಿಂಗ್ಸ್‌ಬ್ಲಡ್ ರಾಯಲ್’ (1947). ತನ್ನ ವಂಶದಲ್ಲಿ ನೀಗ್ರೋ ರಕ್ತವಿದೆಯೆಂದು ತಿಳಿದುಕೊಂಡ ಬಿಳಿಯ ಬ್ಯಾಂಕ್ ಅಧಿಕಾರಿಯೊಬ್ಬನು ಅದನ್ನು ಮುಚ್ಚಿಡದೆ ಸಾರಿದಾಗ, ನಿನ್ನೆಯವರೆಗಿನ ಗೆಳೆಯರು ಅವನ ಮನೆಯ ಮೇಲೆ ದಂಡೆತ್ತಿ ಬರುವ ಕಥೆ. ಇದರಲ್ಲಿ ಬ್ಯಾಬಿಟನ ಬಹಿಷ್ಕಾರವೇ ಕೋವಿಯನ್ನು ಹಿಡಿದು ಬಂದಿದೆ.

ಇವೆರಡರ ನಡುವೆ 1938ರ ‘ದಿ ಪ್ರಾಡಿಗಲ್ ಪೇರೆಂಟ್ಸ್’ ಎಂಬ ದುರ್ಬಲ ಕಾದಂಬರಿಯಿದೆ. ಅದರ ನಾಯಕನೂ ಬ್ಯಾಬಿಟನಂಥ ವ್ಯಾಪಾರಿ. ಆದರೆ ಅಲ್ಲಿ ಅವನೇ ಸದ್ಗುಣಿ, ಕ್ರಾಂತಿಯ ಮಾತಾಡುವ ಮಕ್ಕಳೇ ಮೂರ್ಖರು. ‘ಗ್ಯಾಂಟ್ರಿ’ಯಲ್ಲಿ ಪ್ರೀತಿ ಇಲ್ಲದುದರಿಂದ ನಗೆ ಕುರುಡಾಗಿದ್ದರೆ, ಇಲ್ಲಿ ಕೋಪ ಇಲ್ಲದುದರಿಂದ ನಗೆ ಹಲ್ಲಿಲ್ಲದ್ದಾಗಿದೆ.

7

ಲೂಯಿಸನ ಶೈಲಿಯಲ್ಲಿ ದೋಷಗಳು ಹೇರಳ. ವಿವರಗಳ ಭಾರದಿಂದ ಕಥೆ ಕುಸಿಯುತ್ತದೆ. ಒಮ್ಮೆ ಹೇಳಿದ್ದನ್ನು ಮೂರು ಸಲ ಹೇಳುವ ಚಪಲವಿದೆ. ಒಳ್ಳೆಯ ಪಾತ್ರಗಳ ಬಾಯಿಂದ ಬರುವ ಭಾವೋದ್ಗಾರಗಳು ಅನೇಕ ಕಡೆ ಸಪ್ಪೆಯಾಗಿವೆ. ಅನುಕರಣದ ಕಲೆಯೇ ಅವನಿಗೆ ಮುಳುವಾಯಿತೆಂದೂ ಹೇಳಬಹುದು: ಬ್ಯಾಬಿಟನ ಭಾಷಣವನ್ನು ಯಥಾವತ್ತಾಗಿ ಆಡಿತೋರಿಸುವ ಬಾಯಿಗೆ ತನ್ನ ಸ್ವಂತದ ಸ್ವರ ಯಾವುದೆಂಬುದು ಕಡೆಯವರೆಗೂ ಖಚಿತವಾಗಲಿಲ್ಲ. ಶೋರರನ ಕಠಿನ ತೀರ್ಪಿಗೆ ಇವೇ ಆಧಾರಗಳು. ಆದರೆ ಆ ತೀರ್ಪಿನ ಮೊದಲರ್ಧವನ್ನು ಮಾತ್ರ ಹಿಡಿಯುವವರು, ತನ್ನ ಕಾಲದ ಕೋಟ್ಯಂತರ ಜನರಿಗೆ ಅವರ ಮಾತನ್ನು ಅವರಿಗೇ ಮೊದಲ ಬಾರಿ ಕೇಳಿಸಿದವನು ಈತನೇ ಎಂಬುದನ್ನು ಕಡೆಗಣಿಸುತ್ತಾರೆ.

ಕೃತಿಗಳ ಪರಿಶೀಲನೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ನಗೆಗೆ ಗುರಿಯಾದವರೊಡನೆ ನಂಟು ಉಳಿದಿರುವಲ್ಲಿ ಲೂಯಿಸನು ದೊಡ್ಡ ಲೇಖಕ. ಆ ನಂಟು ಕಡಿದಲ್ಲಿ ಬೈಗುಳಗಾರ, ನಂಟು ಸಡಿಲವಾಗಿ ಬರಿಯ ಒಪ್ಪಿಗೆಯಾದಲ್ಲಿ ಸಾಧಾರಣ ಕಥೆಗಾರ. ಪ್ರೀತಿ ಮತ್ತು ಸಿಟ್ಟು ಎರಡೂ ಏಕಕಾಲದಲ್ಲಿ ಜೀವಂತವಾಗಿರಬೇಕೆಂಬುದು ಕಷ್ಟವಾದ ನಿಬಂಧನೆ. 1920ರಿಂದ ಹತ್ತು ವರ್ಷಗಳ ಕಾಲ ಅವನು ಅದನ್ನು ಬಹುಮಟ್ಟಿಗೆ ಪಾಲಿಸಿದನು. ಆಮೇಲೆ ಸಾಧ್ಯವಾಗದಿದ್ದುದಕ್ಕೆ ಅವನ ಅಲೆದಾಟದ ಬಾಳೂ ಕಾರಣ. ಅವನು ಯಾವ ಊರಿನಲ್ಲಿಯೂ ನೆಲೆ ನಿಲ್ಲಲಿಲ್ಲ. ಎರಡನೆಯ ವಿವಾಹವೂ 1942ರಲ್ಲಿ ಮುರಿಯಿತು. ಹಿರಿಯ ಮಗ ವೆಲ್ಸ್ 1944ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಮದ್ಯವು ದೇಹವನ್ನು ತಿಂದುಹಾಕಿತು. 1951ನೆಯ ಜನವರಿ 10ರಂದು ರೋಮ್ ನಗರದಲ್ಲಿ, ತನ್ನವರು ಯಾರೂ ಹತ್ತಿರವಿಲ್ಲದೆ, ಅವನು ಕಾಲವಾದನು.

ಸಾಕ್ ಸೆಂಟರಿನ ಜನ ‘ಮೇನ್ ಸ್ಟ್ರೀಟ್’ ಬಂದ ಹೊಸದರಲ್ಲಿ ಕಿಡಿಕಿಡಿಯಾಗಿದ್ದರು. ಲೂಯಿಸನಾದರೋ 1931ರಲ್ಲಿ ಆ ಊರಿನ ಪ್ರೌಢಶಾಲೆಯ ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಟ್ಟು, ಅಲ್ಲಿ ಕಳೆದ ಬಾಲ್ಯವು ತನ್ನ ಬಾಳಿಗೆ ಒಳ್ಳೆಯ ಸಿದ್ಧತೆಯಾಯಿತೆಂದು ಕೃತಜ್ಞತೆಯಿಂದ ನೆನೆದಿದ್ದನು. ಊರು ಕ್ರಮೇಣ ಕ್ಷಮಿಸಿತು. ಕ್ಷಮಿಸಿದ್ದಷ್ಟೇ ಅಲ್ಲ, ತನ್ನ ಮುಖ್ಯಬೀದಿಗೆ ‘ಮೂಲ ಮೇನ್ ಸ್ಟ್ರೀಟ್’ ಎಂದು ಫಲಕ ಹಾಕಿಕೊಂಡು ಪ್ರವಾಸಿಗಳನ್ನು ಕರೆಯಿತು. ತನ್ನನ್ನು ಜಾಹೀರಾತು ಮಾಡಿಕೊಳ್ಳುವ ಊರಿನ ಈ ಚಾತುರ್ಯವನ್ನು ಕಂಡಿದ್ದರೆ ಲೂಯಿಸನು ಅದಕ್ಕೂ ಒಂದು ಅಧ್ಯಾಯವನ್ನು ಬರೆಯುತ್ತಿದ್ದನೇನೋ. ಆದರೆ ಆ ಊರಿನ ಶ್ಮಶಾನದಲ್ಲಿಯೇ, ತಂದೆತಾಯಿಗಳ ಸಮೀಪದಲ್ಲಿ, ರೋಮಿನಿಂದ ತಂದ ಅವನ ಚಿತಾಭಸ್ಮವನ್ನು ಮಣ್ಣುಮಾಡಲಾಯಿತು. ಜಗತ್ತನ್ನೆಲ್ಲ ಸುತ್ತಿ ನಕ್ಕವನು ಕೊನೆಗೆ ಸೇರಿದ್ದು, 32 ನಿಮಿಷಗಳಲ್ಲಿ ನೋಡಿ ಮುಗಿಸಬಹುದಾದ ತನ್ನ ಊರನ್ನೇ.